ಸ್ಟುಡಿಯೋ ಮಾಮನ ಮೊದಲ ಹೆಂಡತಿ

ಸ್ಟುಡಿಯೋ ಮಾಮ ನಮ್ಮ ಚರ್ಮರೋಗ ವಿಭಾಗಕ್ಕೆ ಫೋಟೋ ತೆಗೆಯುವವರಾಗಿ ಸೇರಿದ ಮೊದಲ ದಿನವೇ ಒಬ್ಬ ರೋಗಿಯನ್ನು ಪೂರ್ತಿ ಗುಣಪಡಿಸಿಬಿಟ್ಟರು. ಮಾತ್ರೆಯಿಲ್ಲ, ಮುಲಾಮಿಲ್ಲ, ಬರೀ ಕಂಪ್ಯೂಟರಿನಲ್ಲಿ. ಕೆನ್ನೆ ತುಂಬ ಗುಳ್ಳೆ ಎದ್ದಿದ್ದ ಹುಡುಗಿಯೊಬ್ಬಳನ್ನು ಅವರ ಕೋಣೆಗೆ ಕಳಿಸಿದ್ದೆ. ಸಂಜೆ ನನ್ನ ಮೇಜಿನ ಮೇಲೆ ಬಂದು ಕೂತ ಫೋಟೋದಲ್ಲಿ ಗುಳ್ಳೆಯೂ ಇಲ್ಲ, ಕಲೆಯೂ ಇಲ್ಲ, ಆ ಹುಡುಗಿಯ ಬಣ್ಣವೂ ಇಲ್ಲ. ಸಿಪ್ಪೆ ಸುಲಿದ ಬಾದಾಮಿಯಂಥ ಒಂದು ಮುಖ ನನ್ನನ್ನು ನೋಡಿ ನಗುತ್ತಿತ್ತು. ಪಕ್ಕದಲ್ಲಿ ಇಟ್ಟು ತೆಗೆಯಲೇಬೇಕಾದ ಬಣ್ಣದ ಪಟ್ಟಿಯನ್ನೂ ಚೆನ್ನಾಗಿ ಕಾಣುವುದಿಲ್ಲವೆಂದು ಅಂಚಿನಿಂದ ಕತ್ತರಿಸಿ ಹಾಕಿದ್ದರು.

"ಏನ್ರೀ ಇದು?" ಎಂದೆ.

"ಸ್ವಲ್ಪ ಟಚಪ್ ಮಾಡಿದೆ ಮೇಡಂ," ಎಂದು ಬಹುಮಾನಕ್ಕೆ ಕಾದವರಂತೆ ನಿಂತರು.

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ವಿಭಾಗದಲ್ಲಿ ಎಲ್ಲರಿಗೂ ಗೊತ್ತು. ಹೊಸಬರಾದ ಅವರಿಗೆ ಗೊತ್ತಿರಲಿಲ್ಲ. "ರೋಗ ಕಾಣ್ಲಿ ಅಂತ ಫೋಟೋ ತೆಗ್ಸೋದು, ಓಡಿಸೋಕಲ್ಲ. ನೀವೇ ವಾಸಿ ಮಾಡೋದಾದ್ರೆ ಹೇಳ್ಬಿಡಿ, ನಾವೆಲ್ಲ ಬಾಗಿಲು ಹಾಕ್ಕೊಂಡು ಮನೆಗೆ ಹೋಗ್ತೀವಿ," ಎಂದು ಬಾಯಿಗೆ ಬಂದಂತೆ ಅಂದೆ.

ಆ ಪಟ್ಟಿಯ ವಿಷಯ ಇಲ್ಲೇ ಹೇಳಿಬಿಡಬೇಕು. ಅದು ಅಂಗೈಯಗಲದ ಒಂದು ರಟ್ಟು. ಅದರ ಮೇಲೆ ಬಿಳಿ, ಬೂದು, ಕಪ್ಪು ಚೌಕಗಳಿರುತ್ತವೆ. ಒಂದೊಂದು ದೀಪ ಒಂದೊಂದು ಬಣ್ಣ ಎರಚುತ್ತದೆ. ಟ್ಯೂಬ್‌ಲೈಟಿನ ಕೆಳಗೆ ಮನುಷ್ಯ ಹಸಿರು, ಹಳೇ ಬಲ್ಬಿನ ಕೆಳಗೆ ಹಳದಿ. ಪಟ್ಟಿಯ ಬಿಳಿ ಚೌಕದ ಮೇಲೆ ಒತ್ತಿ ‘ಇದು ಬಿಳಿ’ ಎಂದು ಕಂಪ್ಯೂಟರಿಗೆ ತಿಳಿಸಿದರೆ ಉಳಿದ ಬಣ್ಣಗಳೆಲ್ಲ ತಂತಮ್ಮ ಜಾಗಕ್ಕೆ ಬಂದು ಕೂರುತ್ತವೆ. ಪಟ್ಟಿ ಇರುವುದು ಫೋಟೋದ ಅಂಚಿನಲ್ಲಿ. ಅಂಚು ಹೋದರೆ ಇಡೀ ಮೈಬಣ್ಣ ಸುಳ್ಳಾಗುತ್ತದೆ. "ಇನ್ನೊಂದ್ಸಲ ಅಂಚಿಗೆ ಕತ್ತರಿ ಹಾಕಿದ್ರೆ ನಿಮ್ಮ ಸಂಬಳಕ್ಕೂ ಹಾಕ್ತೀನಿ," ಎಂದೆ. ಅವರು ತಲೆಯಾಡಿಸಿದರು. ಆಮೇಲೆ ಎಂದೂ ಕತ್ತರಿಸಲಿಲ್ಲ.

ಬೈದೆನೇನೋ ನಿಜ, ಆದರೆ ಆ ಮನುಷ್ಯನ ಜೀವಮಾನದ ಕೆಲಸವೇ ಅದಾಗಿತ್ತು. ಬಸ್ ನಿಲ್ದಾಣದ ಎದುರಿನ ಮಹಡಿಯಲ್ಲಿ ಅವರ ಸ್ಟುಡಿಯೋ ಇತ್ತು. ಶಾಲೆಗೆ ಸೇರುವವರು, ಕೆಲಸಕ್ಕೆ ಅರ್ಜಿ ಹಾಕುವವರು, ಹೆಣ್ಣು ತೋರಿಸುವವರು, ಎಲ್ಲರೂ ಆ ಕಡಿದಾದ ಮೆಟ್ಟಿಲು ಹತ್ತಿದವರೇ. ಅಲ್ಲಿ ಕಾಗೆ ಒಳಗೆ ಹೋದರೆ ಕೊಕ್ಕರೆಯಾಗಿ ಹೊರಗೆ ಬರುತ್ತದೆಂದು ಊರವರು ನಗುತ್ತಿದ್ದರು. ನಗುತ್ತಲೇ ಸಾಲಾಗಿ ಹೋಗಿ ಕೊಕ್ಕರೆಯಾಗಿ ಬರುತ್ತಿದ್ದರು.

ನಾನೂ ಹೋಗಿದ್ದೆ, ಮೆಡಿಕಲ್ ಕಾಲೇಜು ಸೇರುವ ಮುಂಚೆ, ಅಪ್ಪನ ಜೊತೆ. ನಾನು ಒಳ್ಳೇ ಎಣ್ಣೆಗಪ್ಪು. ಫೋಟೋ ಮನೆಗೆ ಬಂದಾಗ ಅಕ್ಕ ಅದನ್ನು ಹಿಡಿದುಕೊಂಡು, "ಇದ್ಯಾರೇ ಈ ಹುಡುಗಿ? ನೋಡೋಕೆ ಚೆನ್ನಾಗಿದ್ದಾಳೆ," ಎಂದಿದ್ದಳು. ಆ ದಿನ ನನಗೆ ನೆನಪಿರುವುದಕ್ಕೆ ಇನ್ನೊಂದು ಕಾರಣವಿದೆ. ನನ್ನ ಅಪ್ಪ ಜಿಪುಣರಲ್ಲಿ ಜಿಪುಣ. ಸ್ಟುಡಿಯೋದವರು ನೆಗೆಟಿವ್ ತಮ್ಮ ಹತ್ತಿರವೇ ಇಟ್ಟುಕೊಳ್ಳುವುದು ರೂಢಿ, ಅಪ್ಪ ಬಿಡಲಿಲ್ಲ. "ದುಡ್ಡು ಕೊಟ್ಟಿರೋನು ನಾನು, ಮಗಳು ನನ್ನವಳು, ನೆಗೆಟಿವ್ ಯಾಕೆ ನಿಮ್ಮ ಹತ್ರ ಇರ್ಬೇಕು?" ಎಂದು ಜಗಳಕ್ಕೇ ನಿಂತರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕೊನೆಗೆ ಜಗಳ ಬಿಡಿಸಿದ್ದು ಸ್ಟುಡಿಯೋ ಮಾಮನ ಹೆಂಡತಿ. "ಕೊಟ್ಬಿಡ್ರೀ ಅತ್ಲಾಗೆ, ಮಗು ಮುಖ ನೋಡಿ ಹೇಗಾಗಿದೆ," ಎಂದು ತಾವೇ ಅದನ್ನು ಲಕೋಟೆಗೆ ಹಾಕಿ ಅಪ್ಪನ ಕೈಗಿತ್ತಿದ್ದರು. ಫೋಟೋ ತೆಗೆಯುವಾಗ ಬಿಳೀ ಥರ್ಮಾಕೋಲ್ ಹಾಳೆ ಹಿಡಿದು ನನ್ನ ಮುಖದ ಮೇಲೆ ಬೆಳಕು ತಿರುಗಿಸಿದ್ದವರೂ ಅವರೇ. "ಗಲ್ಲ ಎತ್ತಮ್ಮಾ, ಹಾಂ, ಹಾಗೇ ಇರು," ಎಂಬ ಅವರ ದನಿ ಈಗಲೂ ಕಿವಿಯಲ್ಲಿದೆ.

ಎಷ್ಟೋ ವರ್ಷಗಳ ಮೇಲೆ ಆಕೆ ಇದ್ದಕ್ಕಿದ್ದಂತೆ ಎದೆನೋವಿನಿಂದ ತೀರಿಕೊಂಡರು. ಆ ಹೊತ್ತಿಗೆ ಜನ ಫೋನಿನಲ್ಲೇ ಫೋಟೋ ತೆಗೆದುಕೊಳ್ಳತೊಡಗಿದ್ದರು. ಮಾಮ ಅಂಗಡಿ ಮುಚ್ಚಿದರು. ಮಕ್ಕಳಿರಲಿಲ್ಲ. ಅಲ್ಲಿ ಇಲ್ಲಿ ಚಿಕ್ಕಪುಟ್ಟ ಕೆಲಸ ಮಾಡಿಕೊಂಡಿದ್ದವರು, ನಮ್ಮಲ್ಲಿ ಜಾಗ ಖಾಲಿಯಿದೆ ಎಂದು ಕೇಳಿ ಬಂದು ಸೇರಿದರು.

ನನಗೆ ಫೋಟೋದವರು ಯಾಕೆ ಬೇಕಾಗಿತ್ತೆಂದರೆ, ನಾನು ಪಾಠ ಹೇಳುವ ಕಿರಿಯ ಡಾಕ್ಟರುಗಳು ಓದುವ ಪುಸ್ತಕಗಳ ತುಂಬ ಬಿಳಿಯರ ಚರ್ಮ. ನಮ್ಮ ಬಾಗಿಲಲ್ಲಿ ಸಾಲು ನಿಲ್ಲುವವರು ಎಣ್ಣೆಗಪ್ಪು, ನಸುಗಪ್ಪು, ಗೋಧಿ ಬಣ್ಣದವರು. ಪುಸ್ತಕ ‘ಕೆಂಪು ಮಚ್ಚೆ’ ಎನ್ನುತ್ತದೆ. ಇವರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೆಂಪು ಹುಡುಕುತ್ತಾರೆ. ಸಿಗದಿದ್ದರೆ ಏನೂ ಇಲ್ಲ ಎಂದು ಬರೆದು ಕಳಿಸುತ್ತಾರೆ. ನಾನೂ ಹಾಗೇ ಕಲಿತವಳು, ನನ್ನ ಕೈಯ ಬಣ್ಣವೇ ಇಲ್ಲದ ಪುಸ್ತಕ ಹಿಡಿದುಕೊಂಡು. ನಮ್ಮ ಜನರ ಮೈಯ ಫೋಟೋಗಳನ್ನೇ ಸೇರಿಸಿ, ಇದ್ದ ಬಣ್ಣ ಇದ್ದ ಹಾಗೆ ಇಟ್ಟುಕೊಂಡು ಪಾಠ ಮಾಡಬೇಕೆಂಬುದು ನನ್ನ ಹಟ. ಆ ಹಟಕ್ಕೆ ಸಿಕ್ಕವರು ಊರನ್ನೆಲ್ಲ ಬೆಳ್ಳಗೆ ಮಾಡಿದ ಮನುಷ್ಯ! ನನ್ನ ಅದೃಷ್ಟ ಅಂಥದ್ದು.

ಆದರೆ ಮಾಮ ಬೇಗ ದಾರಿಗೆ ಬಂದರು. ಮುಖಕ್ಕೆ ನೇರ ದೀಪ ಬಿಡುವುದನ್ನು ನಿಲ್ಲಿಸಿ, ರೋಗಿಯನ್ನು ಕಿಟಕಿಯ ಪಕ್ಕಕ್ಕೆ ಕೂರಿಸಿ, ಓರೆ ಬೆಳಕಿನಲ್ಲಿ ಚರ್ಮದ ಉಬ್ಬು ತಗ್ಗು ಕಾಣುವಂತೆ ತೆಗೆಯುವುದನ್ನು ನಾನು ಒಮ್ಮೆ ತೋರಿಸಿಕೊಟ್ಟದ್ದೇ ಸಾಕಾಯಿತು. ಕಿರಿಯ ಡಾಕ್ಟರುಗಳಿಗೆಲ್ಲ ಅವರೆಂದರೆ ಇಷ್ಟ. ‘ಸ್ಟುಡಿಯೋ ಮಾಮ’ ಎಂದು ಹೆಸರಿಟ್ಟವರೂ ಅವರೇ.

ಹೀಗಿರುವಾಗ ಒಂದು ದಿನ ಆ ಕಿರಿಯ ಡಾಕ್ಟರುಗಳಲ್ಲೊಬ್ಬ ನನ್ನ ಬಾಗಿಲಲ್ಲಿ ಬಂದು ನಿಂತ. ಯಾವಾಗಲೂ ದಪ್ಪ ಪುಸ್ತಕ ಬಗಲಲ್ಲಿ ಇಟ್ಟುಕೊಂಡೇ ಓಡಾಡುವುದರಿಂದ ಅವನನ್ನು ಎಲ್ಲರೂ ‘ಪುಸ್ತಕದ ಹುಳ’ ಎನ್ನುತ್ತಿದ್ದರು.

"ಮೇಡಂ, ಹೇಳ್ಬೇಕೋ ಬೇಡ್ವೋ ಗೊತ್ತಾಗ್ತಿಲ್ಲ. ಮಾಮ ರೋಗ ಇಲ್ದಿರೋ ಕಡೆದೂ ಫೋಟೋ ತೆಗೀತಾರೆ."

"ಅಂದ್ರೆ?"

"ಕಾಲಲ್ಲಿ ಗಾಯ ಇದ್ರೆ ಕೈದು ತೆಗೀತಾರೆ. ಬೆನ್ನಲ್ಲಿದ್ರೆ ಕತ್ತಿಂದು. ನಾವು ಬರ್ದು ಕೊಟ್ಟಿರಲ್ಲ, ರೋಗಿನೂ ಕೇಳಲ್ಲ."

ಕೂಡಲೇ ಮಾಮನ ಕೋಣೆಗೆ ಹೋಗಿ ಕಂಪ್ಯೂಟರ್ ತೆರೆಸಿದೆ. ಹುಳ ಹೇಳಿದ್ದು ನಿಜ. ಪ್ರತಿ ರೋಗಿಯ ಹೆಸರಿನ ಕೆಳಗೂ ನಾವು ಕೇಳಿದ ಫೋಟೋಗಳ ಕೊನೆಯಲ್ಲಿ ಯಾರೂ ಕೇಳದ ಇನ್ನೊಂದು ಫೋಟೋ. ಮೊಣಕೈ, ಕತ್ತು, ಮುಂಗೈ; ಎಲ್ಲ ಆರೋಗ್ಯವಾಗಿರುವ ಬರೀ ಚರ್ಮ. ಪ್ರತಿಯೊಂದರ ಅಂಚಿನಲ್ಲೂ ಬಣ್ಣದ ಪಟ್ಟಿ ಮಾತ್ರ ತಪ್ಪದೆ ಇತ್ತು.

"ಯಾರನ್ನ ಕೇಳಿ ತೆಗೆದ್ರಿ ಇವನ್ನೆಲ್ಲ?"

"ಯಾರನ್ನೂ ಕೇಳಿಲ್ಲ ಮೇಡಂ."

"ರೋಗಿಗಳ ಮೈ ಅಂದ್ರೆ ನಿಮ್ಮ ಆಲ್ಬಮ್ಮಾ? ನಂಬಿ ಬಟ್ಟೆ ಸರ್ಸಿ ಕೂತಿರ್ತಾರೆ ರೀ. ನಾಳೆ ಯಾರಾದ್ರೂ ಕೇಳಿದ್ರೆ ನಾನು ಯಾವ ಮುಖ ಇಟ್ಕೊಂಡು ಉತ್ರ ಕೊಡ್ಲಿ? ಯಾಕೆ ತೆಗೆದ್ರಿ, ಅದನ್ನಾದ್ರೂ ಹೇಳಿ."

ಅವರು ಕ್ಯಾಮೆರಾದ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು.

"ನಮ್ಮನೆಯವಳ ಬಣ್ಣ ಮರ್ತು ಹೋಗ್ತಿದೆ ಮೇಡಂ," ಎಂದರು.

ನಾನು ಸ್ಟೂಲ್ ಎಳೆದುಕೊಂಡು ಕೂತೆ. ಅವರು ನೆಲ ನೋಡುತ್ತ ಹೇಳಿದರು. ಮನೆಯಲ್ಲಿ ಹೆಂಡತಿಯ ಫೋಟೋ ಇಲ್ಲದೆ ಇಲ್ಲ. ಗೋಡೆಯ ಮೇಲಿದೆ, ಬೀರುವಿನಲ್ಲಿದೆ. ಒಂದರಲ್ಲೂ ಆಕೆಯ ಬಣ್ಣವಿಲ್ಲ. ಎಲ್ಲವನ್ನೂ ಅವರೇ ಕೂತು, ಊರಿನ ಯಾವ ಗಿರಾಕಿಗೂ ಮಾಡದಷ್ಟು ಪ್ರೀತಿಯಿಂದ, ಬೆಳ್ಳಗೆ ಮಾಡಿದ್ದರು. ತವರಿನವರೆಲ್ಲ ಬಿಳಿ, ಆಕೆಯೊಬ್ಬರೇ ಕಪ್ಪು. ಚಿಕ್ಕಂದಿನಿಂದ ಅದಕ್ಕಾಗಿ ಕೊಂಕು ಮಾತು ಕೇಳಿದವರು. ಮಾಮ ಕೊಡಬಹುದಾಗಿದ್ದ ಉಡುಗೊರೆಯೆಂದರೆ ಫೋಟೋದ ಆ ಬಿಳಿ ಬಣ್ಣವೊಂದೇ.

"ಮೊದಲ್ನೇ ಸಲ ಫೋಟೋ ಕೈಗೆ ಕೊಟ್ಟಾಗ ನೋಡಿ ನಕ್ಲು ಮೇಡಂ. ‘ಇದ್ಯಾರ್ರೀ, ನಿಮ್ಮ ಎರಡ್ನೇ ಹೆಂಡ್ತಿನಾ?’ ಅಂದ್ಲು. ಆಮೇಲೆ ಯಾವ ಫೋಟೋ ಬಂದ್ರೂ ಅದೇ ಮಾತು. ‘ಬಂದ್ಲಾ ನನ್ನ ಸವತಿ?’ ಅನ್ನೋಳು. ನಾನೂ ನಗ್ತಿದ್ದೆ. ಈಗ ಮನೇಲಿ ಆ ಎರಡ್ನೆಯವಳೇ ಇರೋದು. ಗೋಡೆ ಮೇಲಿಂದ ನೋಡ್ತಾಳೆ. ನನಗವಳು ಯಾರೂ ಅಲ್ಲ."

"ನೆಗೆಟಿವ್‌ಗಳು?"

"ಪೆಟ್ಟಿಗೆಗಟ್ಲೆ ಇದ್ವು. ಬೆಳ್ಳಗೆ ಮಾಡೋದೆಲ್ಲ ಪ್ರಿಂಟ್ ಮೇಲೆ, ನೆಗೆಟಿವ್‌ನಲ್ಲಿ ಇದ್ದಿದ್ದು ಇದ್ದ ಹಾಗೇ ಇತ್ತು. ಅವಳು ಹೋದ ಮೇಲೆ ಅಂಗಡಿ ಖಾಲಿ ಮಾಡುವಾಗ ಅಷ್ಟನ್ನೂ ಗುಜರಿಗೆ ಹಾಕ್ಬಿಟ್ಟೆ. ಫೋಟೋ ಗೋಡೆ ಮೇಲಿದೆಯಲ್ಲ, ಇನ್ನೇನು ಬೇಕು ಅಂತ." ಅವರು ಕ್ಯಾಮೆರಾವನ್ನು ಮೇಜಿನ ಮೇಲಿಟ್ಟರು. "ನಗು ನೆನಪಿದೆ, ದನಿ ನೆನಪಿದೆ. ಬಣ್ಣ ಹಿಡಿಯೋಕೆ ಹೋದ್ರೆ ಜಾರುತ್ತೆ. ಇಲ್ಲಿ ಯಾರದಾದ್ರೂ ಕತ್ತು, ಕೈ ನೋಡ್ದಾಗ ಇದೇ ಅನ್ಸಿಬಿಡುತ್ತೆ. ತೆಗೀತೀನಿ. ಪಟ್ಟಿ ಒತ್ತಿ ಬಣ್ಣ ಸರಿ ಮಾಡಿ ನೋಡಿದ್ರೆ ಅಲ್ಲ. ಹತ್ರ ಬರುತ್ತೆ, ಅವಳಲ್ಲ."

ಆಮೇಲೆ ತಲೆಯೆತ್ತಿ ಕೇಳಿದರು. "ನೀವೂ ನಮ್ಮ ಸ್ಟುಡಿಯೋಗೆ ಬಂದಿದ್ದೆ ಅಂದಿದ್ರಿ, ನೋಡಿದ್ರಲ್ವಾ ಮೇಡಂ ಅವಳನ್ನ? ಹೇಳಿ, ಹೇಗಿದ್ಲು?"

ಬೆಳಗಾದರೆ ಚರ್ಮದ ಬಣ್ಣ ನೋಡುವುದೇ ನನ್ನ ಕಸುಬು. ಆದರೂ ಆಕೆಯ ಬಣ್ಣ ನೆನಪಾಗಲಿಲ್ಲ. ಆ ವಯಸ್ಸಿನಲ್ಲಿ ನಾನು ಸ್ಟುಡಿಯೋದ ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಳ್ಳುತ್ತಿದ್ದೆನೇ ಹೊರತು ಥರ್ಮಾಕೋಲ್ ಹಿಡಿದವರನ್ನು ನೋಡಿರಲಿಲ್ಲ. "ದನಿ ನೆನಪಿದೆ," ಎಂದೆ. ಅವರು ತಲೆಯಾಡಿಸಿದರು. ಆದರೂ ತಪ್ಪು ತಪ್ಪೇ. ಆ ಫೋಟೋಗಳನ್ನೆಲ್ಲ ಅಳಿಸಿಬಿಡಿ, ಇನ್ನು ಮುಂದೆ ಹೀಗಾಗಕೂಡದು ಎಂದು ಹೇಳಿ ಎದ್ದು ಬಂದೆ.

ಅವರು ಅಳಿಸಿರಲಿಲ್ಲ. ಅದು ನನಗೆ ತಿಳಿದದ್ದು ಮರುದಿನದ ಪಾಠದಲ್ಲಿ.

ಹಿಂದಿನ ದಿನ ಬಸ್ ಕಂಡಕ್ಟರ್ ಒಬ್ಬರು ಕಾಲುನೋವೆಂದು ಬಂದಿದ್ದರು. ಪುಸ್ತಕದ ಹುಳ ಕೆಂಪಿಲ್ಲವೆಂದು ನೋಡಿ ‘ಉಳುಕು’ ಎಂದು ಬರೆದಿದ್ದ. ನಾನು ಹಿಂಗೈ ಇಟ್ಟು ನೋಡಿದರೆ ಕಾಲು ಹಂಚಿನಂತೆ ಸುಡುತ್ತಿತ್ತು. ಚರ್ಮದೊಳಗೆ ಸೋಂಕು ಹಬ್ಬಿತ್ತು. ಇನ್ನೆರಡು ದಿನ ತಡವಾಗಿದ್ದರೆ ಜೀವಕ್ಕೇ ಬರುತ್ತಿತ್ತು. ಕೂಡಲೇ ಮಲಗಿಸಿ ಔಷಧಿ ಶುರುಮಾಡಿದ್ದೆವು. ಆ ಕಾಲಿನ ಫೋಟೋವನ್ನು ಪರದೆಯ ಮೇಲೆ ಹಾಕಿ, "ಈಗ ಹೇಳಪ್ಪಾ," ಎಂದೆ.

ಹುಳ ಕಣ್ಣು ಕಿರಿದು ಮಾಡಿದ. "ಈಗ್ಲೂ ಕೆಂಪು ಕಾಣ್ತಿಲ್ಲ ಮೇಡಂ."

ತಲೆ ಚಚ್ಚಿಕೊಳ್ಳುವ ಹಾಗಾಗಿ ಮುಂದಿನ ಫೋಟೋಕ್ಕೆಂದು ಒತ್ತಿದೆ. ಬಂದದ್ದು ಕಂಡಕ್ಟರರ ಇನ್ನೊಂದು ಕಾಲು. ಯಾರೂ ಕೇಳದೆ ಇದ್ದ ಆ ಕೊನೆಯ ಫೋಟೋ. ನನಗೂ ತಕ್ಷಣ ಹೊಳೆದದ್ದಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟೆ. ಒಂದು ಕಾಲು ಅದರ ಬಣ್ಣದಲ್ಲಿ ನೆಮ್ಮದಿಯಾಗಿತ್ತು. ಇನ್ನೊಂದು ಬಿಗಿದು ಮಿರುಗುತ್ತ, ನೇರಳೆ ಬೆರೆತ ಕಪ್ಪಾಗಿತ್ತು. ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ "ಓ" ಎಂದರು. ಹುಳ ಪುಸ್ತಕ ಕೆಳಗಿಟ್ಟು ಪರದೆಯ ಹತ್ತಿರಕ್ಕೇ ಬಂದ.

"ಕಪ್ಪು ಚರ್ಮದಲ್ಲಿ ಕೆಂಪು ಕೆಂಪಾಗಿ ಬರಲ್ಲ," ಎಂದೆ. "ನೇರಳೆ ಆಗಿ ಬರುತ್ತೆ, ಬೂದು ಆಗಿ ಬರುತ್ತೆ, ಒಂದೊಂದ್ಸಲ ಬರೀ ಇನ್ನೊಂಚೂರು ಕಪ್ಪಾಗಿ ಬರುತ್ತೆ. ಇನ್ನೊಂಚೂರು ಅಂತ ಗೊತ್ತಾಗ್ಬೇಕಾದ್ರೆ ಅವರ ಸ್ವಂತ ಬಣ್ಣ ಯಾವ್ದು ಅಂತ ಮೊದ್ಲು ನೋಡಿರ್ಬೇಕು. ಮುಟ್ಟಿ ನೋಡಿ. ಬಿಸಿಗೆ ಬಣ್ಣ ಇಲ್ಲ."

ಪಾಠ ಮುಗಿಸಿ ನೇರ ಮಾಮನ ಕೋಣೆಗೆ ಹೋದೆ. ಅವರು ಕೆಲಸ ಹೋಯಿತೆಂದೇ ತಿಳಿದು ಎದ್ದು ನಿಂತರು. ಇನ್ನು ಮುಂದೆ ಪ್ರತಿ ರೋಗಿಯ ಒಳ್ಳೆಯ ಚರ್ಮದ ಫೋಟೋವನ್ನೂ ತೆಗೆಯತಕ್ಕದ್ದು, ಆದರೆ ರೋಗಿಯನ್ನು ಕೇಳಿ, ಅವರು ಒಪ್ಪಿದರೆ ಮಾತ್ರ. ಹಿಂದಿನವರೂ ಬಂದಾಗ ಕೇಳಿ, ಬೇಡವೆಂದವರದನ್ನು ಅಳಿಸತಕ್ಕದ್ದು ಎಂದು ಹೇಳಿದೆ. ಸ್ವಲ್ಪ ಹೊತ್ತು ಅವರಿಗೆ ನಂಬಿಕೆಯೇ ಬರಲಿಲ್ಲ.

ಅಂದಿನಿಂದ ಅವರ ಕೋಣೆಯಿಂದ ಕೇಳಿಬರುತ್ತಿದ್ದ ಮಾತೆಂದರೆ, "ಅಮ್ಮಾ, ನಿಮ್ಮ ಒಳ್ಳೇ ಬಣ್ಣದ್ದೂ ಒಂದು ತೆಗೀಲಾ?" ಹಾಗೆ ಕೇಳಿದವರನ್ನು ಜನ ಅದುವರೆಗೆ ಕಂಡಿರಲಿಲ್ಲ. ಮುದುಕಿಯೊಬ್ಬಳು, "ನನ್ನ ಬಣ್ಣ ಫೋಟೋ ತೆಗೆಯೋ ಹಾಗಿದ್ಯೇನಪ್ಪಾ?" ಎಂದು ನಾಚಿಕೊಂಡು ತೋಳು ಚಾಚಿದ್ದಳು. ಮಾಮ ತೆಗೆಯುತ್ತಿದ್ದರು, ಪಟ್ಟಿ ಒತ್ತುತ್ತಿದ್ದರು, ಒಂದು ಗಳಿಗೆ ಪರದೆಯನ್ನೇ ನೋಡುತ್ತಿದ್ದರು. ನಾನು ಬಾಗಿಲಲ್ಲಿ ಇಣುಕಿದರೆ ತಲೆ ಅಡ್ಡಡ್ಡ ಆಡಿಸುತ್ತಿದ್ದರು. ಸಿಕ್ಕಿಲ್ಲವೆಂದು ಅರ್ಥ. ಒಬ್ಬರ ಬಣ್ಣ ಇನ್ನೊಬ್ಬರಿಗೆ ಇರುವುದಿಲ್ಲವೆಂದು ಅವರಿಗೆ ಹೇಳಬೇಕೆಂದು ಎಷ್ಟೋ ಸಲ ಬಾಯಿಯವರೆಗೂ ಬರುತ್ತಿತ್ತು. ಹೇಳಲು ಮನಸ್ಸಾಗುತ್ತಿರಲಿಲ್ಲ.

ಮುಂದೊಂದು ದಿನ ಮಗುವೊಂದರ ಫೋಟೋ ತೆಗೆಯಬೇಕಿತ್ತು. ಕಿಟಕಿಯ ಬೆಳಕು ಸಾಲದೆ, ಹುಳನ ಕೈಗೆ ಬಿಳಿ ಹಲಗೆ ಕೊಟ್ಟು ಹಿಡಿದುಕೊಳ್ಳಲು ಹೇಳಿದೆವು. ಅವನೋ, ಎಷ್ಟು ಹೇಳಿದರೂ ಬೆರಳನ್ನು ಫೋಟೋದೊಳಗೇ ತರುತ್ತಿದ್ದ. "ಕೈ ಹಿಂದೆ ತಗೊಳ್ಳೋ," ಎಂದು ನಾನು ಗದರಿದಾಗ ಮಾಮ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ನೋಡಿದ್ದೇ ಮೊದಲು.

"ನಮ್ಮನೆಯವಳದ್ದೂ ಇದೇ ಕಥೆ ಮೇಡಂ. ಥರ್ಮಾಕೋಲ್ ಹಿಡ್ಕೋ ಅಂದ್ರೆ ಬೆರಳು ಒಳಗೇ ಬರ್ತಿತ್ತು. ದಿನಾ ಬೈತಿದ್ದೆ. ‘ಬಂದ್ರೆ ಬರ್ಲಿ ಬಿಡ್ರೀ, ನಾನೂ ಒಂಚೂರು ಇರ್ತೀನಿ ಫೋಟೋದಲ್ಲಿ,’ ಅನ್ನೋಳು. ಪ್ರಿಂಟ್ ಹಾಕುವಾಗ ಕತ್ತರಿಸಿ ಹಾಕ್ತಿದ್ದೆ. ಅಂಚಲ್ಲವಾ, ಯಾರು ನೋಡ್ತಾರೆ?"

ನಾನು ಆ ಮಗುವಿನ ಔಷಧಿ ಹೇಗೆ ಬರೆದೆನೋ ಗೊತ್ತಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಮನೆಗೆ ಓಡಿದೆ.

ನನ್ನ ಅಪ್ಪ ಈಗ ನನ್ನ ಮನೆಯಲ್ಲೇ ಇದ್ದಾರೆ. ಏನನ್ನೂ ಎಸೆದವರಲ್ಲ, ಬರೆಯದ ಪೆನ್ನು, ಬೀಗ ಕಳೆದುಹೋದ ಕೀಲಿ, ಎಲ್ಲ ಅವರ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿವೆ. "ಅಪ್ಪಾ, ಆ ಸ್ಟುಡಿಯೋದಲ್ಲಿ ಜಗಳ ಮಾಡಿ ತಂದ್ಯಲ್ಲ, ನೆಗೆಟಿವ್?" ಎಂದೆ. ಅವರು ಮುಖ ಅರಳಿಸಿಕೊಂಡು ಕೂತರು. "ಅವತ್ತು ಮನೇವರ್ಗೂ ಮಾತು ಬಿಟ್ಟಿದ್ಯಲ್ಲೇ ನನ್ನ ಹತ್ರ! ಈಗ ಬೇಕಾಯ್ತಾ?" ಎಂದು ಆಡಿಕೊಳ್ಳುತ್ತಲೇ ಪೆಟ್ಟಿಗೆಯ ತಳದಿಂದ ಲಕೋಟೆ ತೆಗೆದುಕೊಟ್ಟರು.

ಕಿಟಕಿಗೆ ಹಿಡಿದು ನೋಡಿದೆ. ನೆಗೆಟಿವ್‌ನಲ್ಲಿ ಕಪ್ಪು ಬಿಳಿ ಎಲ್ಲ ತಲೆಕೆಳಗು. ನನ್ನ ಮುಖ ತಿಳಿಯಾಗಿತ್ತು, ಬಿಳೀ ಥರ್ಮಾಕೋಲ್ ಅಂಚಿನಲ್ಲಿ ಕಪ್ಪು ಗೋಡೆಯ ಹಾಗೆ ನಿಂತಿತ್ತು. ಅದರ ಮೇಲೆ ಬೆಳ್ಳಗೆ ನಾಲ್ಕು ಬೆರಳು.

ಮಾಮನಿಗೆ ಏನೂ ಹೇಳದೆ ಲಕೋಟೆ ಕೈಗಿಟ್ಟೆ. ಅವರೂ ಅದನ್ನು ಕಿಟಕಿಗೇ ಹಿಡಿದರು. ಹಿಡಿದ ಕೈ ಇಳಿಯಲೇ ಇಲ್ಲ. ಕೊನೆಗೆ ನಾನೇ ತೋಳು ಹಿಡಿದು ಕುರ್ಚಿಗೆ ಕೂರಿಸಿದೆ. ಹಳೇ ಸ್ಲೈಡುಗಳಿಗೆಂದು ನಮ್ಮಲ್ಲಿದ್ದ ಸ್ಕ್ಯಾನರಿನಲ್ಲಿ ಅದನ್ನಿಟ್ಟೆವು. ಪರದೆಯ ಮೇಲೆ ಬಂದದ್ದು ವಯಸ್ಸಾಗಿ ಕೆಟ್ಟ ಬಣ್ಣ, ನಾನೂ ಬೆರಳುಗಳೂ ಎಲ್ಲ ತಾಮ್ರದ ಕಿಲುಬು ಹತ್ತಿದ ಹಾಗೆ.

"ಬಣ್ಣ ಹೋಗ್ಬಿಟ್ಟಿದೆ," ಎಂದೆ.

"ಥರ್ಮಾಕೋಲ್ ಇದೆಯಲ್ಲ ಮೇಡಂ," ಎಂದರು ಮಾಮ. "ಕೊಳೆಯಾದ್ರೆ ಅವಳು ಸಹಿಸ್ತಿರ್ಲಿಲ್ಲ. ಬಿಳಿ ಅಂದ್ರೆ ಬಿಳಿನೇ."

ದಿನವೂ ಪಟ್ಟಿಯ ಚೌಕಕ್ಕೆ ಒತ್ತುವ ಹಾಗೆಯೇ ಆ ಥರ್ಮಾಕೋಲಿನ ಮೇಲೆ ಒತ್ತಿದರು. ಕಿಲುಬು ಸರಿಯಿತು. ನನ್ನ ಹದಿಹರೆಯದ ಮುಖ ತನ್ನ ಎಣ್ಣೆಗಪ್ಪಿನಲ್ಲಿ ಎದ್ದು ಬಂತು. ಅಕ್ಕ ಆ ಹುಡುಗಿಯನ್ನು ನೋಡಿದ್ದರೆ ಯಾರೆಂದು ಕೇಳುತ್ತಿರಲಿಲ್ಲ. ಅಂಚಿನಲ್ಲಿ ನಾಲ್ಕು ಬೆರಳು. ಗೆಣ್ಣುಗಳ ಹತ್ತಿರ ಗಾಢ, ಉಗುರಿನ ಬುಡದಲ್ಲಿ ತಿಳಿ, ನಡುವೆ ಒಂದು ಬಣ್ಣ. ಅದಕ್ಕೆ ನಾನು ಪಾಠದಲ್ಲಿ ಹೇಳುವ ಯಾವ ಹೆಸರೂ ಸರಿಹೋಗುವುದಿಲ್ಲ. ಇಷ್ಟು ವರ್ಷ ಕಳೆದು ನಾನು ಕೊನೆಗೂ ಅವರನ್ನು ನೋಡಿದೆ.

ಮಾಮನ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಬಂದ್ಲು ಮೇಡಂ. ಮೊದಲ್ನೆಯವಳು," ಎಂದರು.

ಬಹಳ ಹೊತ್ತಾದ ಮೇಲೆ, ತುಂಬ ಸಂಕೋಚದಿಂದ, "ಮೇಡಂ, ತಪ್ಪು ತಿಳ್ಕೋಬೇಡಿ. ನಿಮ್ಮನ್ನ ಕತ್ತರಿಸ್ಲಾ?" ಎಂದು ಕೇಳಿದರು.

"ಕತ್ತರಿಸಿ," ಎಂದೆ. ಅಂಚು ಮುಟ್ಟಬೇಡಿ ಎಂದು ಹೇಳಬೇಕಾಗಿರಲಿಲ್ಲ.

ಮರುದಿನ ಆ ಫೋಟೋ ಅವರ ಮನೆಯ ಗೋಡೆ ಸೇರಿತು. ಎರಡನೆಯವಳನ್ನು ಇಳಿಸಲಿಲ್ಲವಂತೆ, ಸವತಿಯರು ಹೊಂದಿಕೊಂಡು ಇರಲಿ ಎಂದು ನಕ್ಕರು. ಇನ್ನು ಹುಡುಕಾಟ ಮುಗಿಯಿತೆಂದು ನನ್ನ ಹೊಟ್ಟೆಯೂ ತಣ್ಣಗಾಯಿತು. ಆದರೆ ಸಂಜೆ ಅವರ ಕೋಣೆಯ ಮುಂದೆ ಹೋಗುವಾಗ ಇಣುಕಿದರೆ, ಯಾರೋ ಹೆಂಗಸಿನ ಕೆನ್ನೆಯ ಫೋಟೋ ಪರದೆಯ ಮೇಲಿತ್ತು. ಮಾಮ ಪಟ್ಟಿಯ ಬಿಳಿ ಚೌಕಕ್ಕೆ ಒತ್ತಿ, ಮುಂದಕ್ಕೆ ಬಾಗಿ ನೋಡುತ್ತಿದ್ದರು. ಆಮೇಲೆ ತಲೆ ಅಡ್ಡಡ್ಡ ಆಡಿಸಿದರು.

"ಇನ್ನೂ ಹುಡುಕ್ತಿದ್ದೀರಾ?" ಎಂದೆ.

"ಬೆರಳಷ್ಟೇ ಅಲ್ವಾ ಮೇಡಂ ಸಿಕ್ಕಿರೋದು," ಎಂದರು. "ಮುಖ ಬಾಕಿ ಇದೆ."